ನಂಜವ್ವನ ಸೀರೆಗೊಂದು ಜಾಗ

ಗುರುವಾರ ಬೆಳಗಿನ ಜಾವ ಮೈಸೂರಿನಲ್ಲಿ ತುಮಕೂರಿನ ಬಸ್ಸು ಹತ್ತಿದೆವು, ನಾನು ಮತ್ತು ಗೌರತ್ತೆ. ಗೌರತ್ತೆ ನನ್ನ ಅಪ್ಪನ ಅಕ್ಕ, ಎಂಬತ್ತು ದಾಟಿದವರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ; ಕಂಡಕ್ಟರ್ ಇಬ್ಬರ ಆಧಾರ್ ಕಾರ್ಡ್ ನೋಡಿ ಸೊನ್ನೆಯ ಎರಡು ಟಿಕೆಟ್ ಹರಿದುಕೊಟ್ಟ. ಅತ್ತೆಯ ಮಡಿಲಲ್ಲಿ ಒಂದು ಬಟ್ಟೆಯ ಚೀಲ. ಮೇಲಿನ ಕಂಬಿಯಲ್ಲಿ ಇಡೋಣ ಎಂದರೆ ಕೊಡಲಿಲ್ಲ. ಅದರೊಳಗೆ ಕೆಂಪು ಅಂಚಿನ ಹಸಿರು ನೂಲಿನ ಸೀರೆ ಇತ್ತು, ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಅದು ಯಾರಿಗೆಂದು ತಂದಿದ್ದರೋ ಆಕೆ ತೀರಿಕೊಂಡು ಅರವತ್ತು ವರ್ಷದ ಮೇಲಾಗಿದೆ.

ಶನಿವಾರ ಮಹಾಲಯ ಅಮಾವಾಸ್ಯೆ. ನಮ್ಮ ಕಡೆ ಅದು ಹಿರಿಯರ ಹಬ್ಬ. ಗುಬ್ಬಿಯಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ನಮ್ಮ ಮೂಲದ ಮನೆ ಇದೆ. ಹಬ್ಬದ ದಿನ ಅಲ್ಲಿ ಹೋದವರ ಹೆಸರಿಗೆ ಎಲೆ ಹಾಕಿ ಎಡೆ ಇಡುತ್ತಾರೆ. ಗಂಡಸರಿಗೆ ಪಂಚೆ, ಹೆಂಗಸರಿಗೆ ಸೀರೆ ಇಟ್ಟು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಆ ಮನೆಯಲ್ಲಿ ಯಾವತ್ತೂ ಕರೆಯದ ಹೆಸರು ಒಂದೇ, ನಂಜವ್ವ. ಅತ್ತೆಗೆ ಅಜ್ಜಿ, ನನಗೆ ಮುತ್ತಜ್ಜಿ.

ಮನೆಯಲ್ಲಿ ಹೇಳುತ್ತಾ ಬಂದ ಕಥೆ ಇಷ್ಟು. ನಂಜವ್ವನ ಗಂಡ ರಂಗಯ್ಯ ಮಹಾರಾಜರ ಕುದುರೆ ಪಡೆಯಲ್ಲಿ ಸವಾರ. ಮೊದಲ ಮಹಾಯುದ್ಧಕ್ಕೆ ಹಡಗು ಹತ್ತಿ ಹೋದ. ಮನೆಯಲ್ಲಿ ಎರಡು ವರ್ಷದ ಗಂಡು ಮಗು, ಅದೇ ನನ್ನ ತಾತ. ಗಂಡ ಅಲ್ಲಿ ಯುದ್ಧ ಮಾಡುತ್ತಿರುವಾಗಲೇ ನಂಜವ್ವ ಮಗುವನ್ನು ಬಿಟ್ಟು ಅಮೃತೂರು ಕಡೆಯವನೊಬ್ಬನ ಜೊತೆ ಸೀರುಡಿಕೆ ಮಾಡಿಕೊಂಡು ಹೊರಟುಹೋದಳು. ಸೀರುಡಿಕೆ ಎಂದರೆ ಧಾರೆ, ವಾಲಗ ಏನೂ ಇಲ್ಲದೆ, ಹೊಸ ಸೀರೆ ಉಡಿಸಿ ವಿಧವೆಯನ್ನು ಇನ್ನೊಬ್ಬನಿಗೆ ಕೊಡುವ ಹಳೆಯ ಪದ್ಧತಿ. ಗಂಡ ಸತ್ತ ಮೇಲೆ ಹೋದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಗಂಡ ಇರುವಾಗ ಹೋದರೆ ಓಡಿಹೋದವಳು. ನನ್ನ ತಾತ ಸಾಯುವ ತನಕ ಹೆತ್ತ ತಾಯಿಯ ಹೆಸರು ಎತ್ತಲಿಲ್ಲ. ಒಮ್ಮೆ ಎತ್ತಿದ ನೆಂಟರೊಬ್ಬರನ್ನು ಊಟದ ಎಲೆಯಿಂದ ಎಬ್ಬಿಸಿ ಕಳಿಸಿದರಂತೆ.

ಈಗ ಆ ಮನೆಯಲ್ಲಿ ಎಡೆ ಇಡುವವರು ನಿಂಗಪ್ಪ ಚಿಕ್ಕಪ್ಪ, ಅತ್ತೆಯ ಕೊನೆಯ ತಮ್ಮ. ಅಜ್ಜಿಗೂ ಒಂದು ಸೀರೆ ಇಡು ಎಂದು ಅತ್ತೆ ಕೇಳಿ ಕೇಳಿ ಸಾಕಾಗಿದ್ದರು. ಹೋದ ತಿಂಗಳು ಚಿಕ್ಕಪ್ಪ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು: "ಗಂಡ ಸತ್ ಮ್ಯಾಲೆ ಹೋದ್ಳು ಅನ್ನೋದಕ್ಕೆ ದಾಖಲೆ ತಗಂಬನ್ನಿ, ಇಡ್ತೀನಿ. ಇಲ್ದಿದ್ರೆ ನಾನಿರೋಗಂಟ ಈ ಮಾತು ಎತ್ಬ್ಯಾಡಿ."

ನಾನು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ರಿಪೋರ್ಟು ಬರುವ ತನಕ ಯಾರ ಮಾತನ್ನೂ ನಂಬದಿರುವುದು ನನಗೆ ರೂಢಿ. ಚಿಕ್ಕಪ್ಪ ದಾಖಲೆ ಎಂದಾಗ ನನಗೆ ಖುಷಿಯೇ ಆಯಿತು. ಸಿಪಾಯಿ ಸತ್ತ ದಿನ ಸರ್ಕಾರಕ್ಕೆ ಗೊತ್ತಿರಬೇಕು, ಹೆಂಡತಿಗೆ ಪಿಂಚಣಿ ಕೊಟ್ಟಿದ್ದರೆ ಅದೂ ಇರಬೇಕು. ಅರ್ಜಿ ಹಾಕಿದ್ದೆ; ಕಡತ ಸಿಕ್ಕಿದೆ, ಬಂದು ನೋಡಿ ಎಂದು ತುಮಕೂರಿನ ದಾಖಲೆ ಕಚೇರಿಯಿಂದ ಕರೆ ಬಂದಿತ್ತು. ಓಡಿಹೋದವಳು ಎಂಬ ಮಾತು ಸುಳ್ಳೆಂದು ಒಂದು ಹಾಳೆ ತೋರಿಸಿ ಮುಗಿಸುತ್ತೇನೆ ಎಂದುಕೊಂಡೇ ಹೊರಟಿದ್ದೆ.

ನಾಗಮಂಗಲದಲ್ಲಿ ಮಳೆ ಹಿಡಿಯಿತು. ಕುಣಿಗಲ್ ಹೊತ್ತಿಗೆ ಬಿಟ್ಟಿತು; ಕುದುರೆ ಫಾರಂನ ಬೇಲಿಯ ಆಚೆ ನಾಲ್ಕಾರು ಕುದುರೆಗಳು ಒದ್ದೆ ಹುಲ್ಲಿನಲ್ಲಿ ನಿಂತಿದ್ದವು. ಅತ್ತೆ ಕಿಟಕಿಗೆ ಮುಖ ಒತ್ತಿ ನೋಡಿದರು.

"ನಾನು ಅವ್ಳನ್ನ ಒಂದೇ ಸಲ ಕಂಡಿರೋದು ಕಣೇ ಸುಜೀ," ಎಂದರು. "ಏಳ್ ವರ್ಷ ಇರ್ಬೇಕು ನಂಗೆ. ಬಾವಿ ತಾವ ನಿಂತಿದ್ಳು. ಯಾರ್ ಮಗ್ಳವ್ವ ನೀನು ಅಂತ ಕೇಳಿದ್ಳು. ಹೇಳ್ದೆ. ನನ್ ಕೆನ್ನೆ ಹಿಡ್ಕಂಡು ಬುಡ್ಲೇ ಇಲ್ಲ. ಕೊಬ್ರಿ ಬೆಲ್ಲ ಕೊಟ್ಳು. ಅಷ್ಟೊತ್ಗೆ ಅಪ್ಪ ಹೊಲದಿಂದ ಬಂದ. ಒಂದ್ ಮಾತಾಡ್ಲಿಲ್ಲ ಇಬ್ರೂ. ಅವ್ಳು ತಲೆ ಬಗ್ಗುಸ್ಕಂಡು ಹೊಂಟೋದ್ಳು. ಅಪ್ಪ ನನ್ ಕೈಲಿದ್ದ ಬೆಲ್ಲ ಕಿತ್ಕಂಡು ಬಾವಿಗೆ ಎಸ್ದ."

ತುಮಕೂರು ಸೇರಿದಾಗ ಹನ್ನೊಂದರ ಸುಮಾರು. ಬಸ್ ನಿಲ್ದಾಣದ ಹತ್ತಿರವೇ ಒಂಬೈನೂರು ರೂಪಾಯಿಗೆ ರೂಮು ಹಿಡಿದು, ಅತ್ತೆಯನ್ನು ಮಲಗಿಸಿ, ನಾನೊಬ್ಬಳೇ ಕಚೇರಿಗೆ ಹೋದೆ. ಕಡತ ತಂದುಕೊಟ್ಟ ಗುಮಾಸ್ತರು ಕಿಟಕಿಯ ಪಕ್ಕದ ಮೇಜು ತೋರಿಸಿದರು. ಹಾಳೆ ಮುಟ್ಟಿದರೆ ಪುಡಿಯಾಗುವಂತಿತ್ತು. ಬರಹ ಶಾನುಭೋಗರ ಮೋಡಿಯ ಕನ್ನಡ, ಪಕ್ಕದಲ್ಲಿ ಇಂಗ್ಲಿಷ್ ತಾರೀಖು. ಸವಾರ ರಂಗಯ್ಯ ಪರದೇಶದ ಆಸ್ಪತ್ರೆಯಲ್ಲಿ ಜ್ವರದಿಂದ ಕಾಳಯುಕ್ತಿ ಸಂವತ್ಸರದ ಭಾದ್ರಪದದಲ್ಲಿ ಮೃತ. ಅಲ್ಲಿಗೆ ಸರಿ. ಕೆಳಗಿನ ಸಾಲನ್ನು ಎರಡು ಸಲ ಓದಿದೆ. ಮೃತನ ಹೆಂಡತಿಯು ಅದಕ್ಕೆ ಮೊದಲೇ, ಹಿಂದಿನ ಪಿಂಗಳ ಸಂವತ್ಸರದ ಮಾಘದಲ್ಲೇ, ತಾನಾಗಿ ಸೀರುಡಿಕೆ ಮಾಡಿಕೊಂಡು ಹೋಗಿರುವುದರಿಂದ ಪಿಂಚಣಿಗೆ ಅರ್ಹಳಲ್ಲ ಎಂದು ಬರೆದಿತ್ತು. ಹಾಗೆಂದು ಹೇಳಿಕೆ ಕೊಟ್ಟವನು ಅವಳ ಮಾವ. ಅವನ ಹೆಬ್ಬೆಟ್ಟಿನ ಗುರುತು ಇನ್ನೂ ಕಪ್ಪಗೆ ಇತ್ತು.

ಇಂಗ್ಲಿಷ್ ತಾರೀಖುಗಳನ್ನು ಹಿಡಿದು ಮತ್ತೆ ಮತ್ತೆ ಲೆಕ್ಕ ಹಾಕಿದೆ. ಗಂಡ ಸಾಯುವುದಕ್ಕೆ ಏಳು ತಿಂಗಳು ಮೊದಲೇ ಅವಳು ಹೋಗಿದ್ದಳು. ಮನೆಯವರು ನೂರು ವರ್ಷದಿಂದ ಹೇಳುತ್ತಾ ಬಂದದ್ದೇ ನಿಜ. ನಕಲು ಪ್ರತಿ ತೆಗೆದುಕೊಂಡು ಹೊರಗೆ ಬಂದೆ. ನಂಜವ್ವನ ಮೇಲೆ ಸಿಟ್ಟು ಬಂತು. ಆಮೇಲೆ ಈ ಕಡತವನ್ನು ಹುಡುಕಿದ ನನ್ನ ಮೇಲೆಯೇ ಬಂತು. ಯಾರೂ ಕೇಳದಿದ್ದರೆ ಅದು ಬರೀ ಮಾತಾಗಿ ಉಳಿಯುತ್ತಿತ್ತು. ನಾನು ಹೋಗಿ ಅದಕ್ಕೆ ಮುದ್ರೆ ಒತ್ತಿಸಿಕೊಂಡು ಬಂದಿದ್ದೆ.

ರೂಮಿನಲ್ಲಿ ಅತ್ತೆ ಎದ್ದು ಕೂತಿದ್ದರು. "ಸಿಕ್ತಾ?" ಎಂದರು. ಬರಹ ಹಳೆಯದು, ನಿಧಾನವಾಗಿ ಓದಿ ಹೇಳುತ್ತೇನೆ ಎಂದೆ. ಅವರು ಮತ್ತೆ ಕೇಳಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ತಟ್ಟೆ ಇಡ್ಲಿ ತಿನ್ನಲು ಕೂತೆವು. ಊರಗಲದ ಮೆತ್ತನೆಯ ಇಡ್ಲಿ, ಮೇಲೆ ಬೆಣ್ಣೆ. ಅತ್ತೆ ಮುಟ್ಟಲಿಲ್ಲ. ನಾನು ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನೇ ನೋಡುತ್ತಿದ್ದರು.

"ಚಿಕ್ಕೋಳಿಂದ ನೋಡಿದೀನಿ, ಸುಳ್ಳು ಹೇಳ್ವಾಗ ನೀನು ಸಕ್ರೆ ಜಾಸ್ತಿ ಹಾಕ್ಕಂತೀಯ," ಎಂದರು. "ಕಾಗ್ದದಲ್ಲಿ ಕೆಟ್ದಾಗಿ ಬರ್ದೈತೆ ಅಲ್ವಾ?"

ಹೌದು ಎಂದೆ. ಅಮೃತೂರಿಗೆ ಹೋಗಲು ಕುಣಿಗಲ್ ಬಸ್ಸು ಹತ್ತಿದ ಮೇಲೆ, ಹಾಳೆಯಲ್ಲಿ ಇದ್ದದ್ದನ್ನೆಲ್ಲ ಹೇಳಿದೆ. ಅತ್ತೆ ಚೀಲವನ್ನು ಎರಡು ಕೈಯಲ್ಲಿ ಅವುಚಿ ಹಿಡಿದು ಹೊರಗೆ ನೋಡುತ್ತಾ ಕೂತರು. ವಾಪಸ್ಸು ಮೈಸೂರಿಗೆ ಹೋಗಿಬಿಡೋಣವೇ ಎಂದು ಕೇಳಿದೆ.

"ಅಮೃತೂರಿಗೆ ಬರ್ತೀವಿ ಅಂತ ಹೇಳಿದೀವಿ. ಹೋಗಾಣ. ಓಡೋದೋಳೇ ಆಗ್ಲಿ, ಅವ್ಳಿದ್ದ ಮನೆ ನಾನು ನೋಡ್ಬೇಕು."

ಕುಣಿಗಲ್‌ನಲ್ಲಿ ಖಾಸಗಿ ಬಸ್ಸು ಹಿಡಿದೆವು. ಇದರಲ್ಲಿ ನಮ್ಮ ಸೊನ್ನೆ ನಡೆಯುವುದಿಲ್ಲ. ತಲೆಗೆ ಮೂವತ್ತು ರೂಪಾಯಿ, ಜೊತೆಗೆ ಕಿವಿ ಹರಿಯುವ ಹಾಡು ಪುಕ್ಕಟೆ. ಮಾರ್ಕೋನಹಳ್ಳಿ ಜಲಾಶಯ ತುಂಬಿದೆ, ಕಾಲುವೆಗೆ ನೀರು ಬಿಟ್ಟಿದ್ದಾರೆ ಎಂದು ಪಕ್ಕದ ಸೀಟಿನವರು ಖುಷಿಯಲ್ಲಿ ಮಾತಾಡುತ್ತಿದ್ದರು. ಅಮೃತೂರಿನಲ್ಲಿ ಇಳಿದು ಆಟೋದಲ್ಲಿ ತೆಂಗಿನ ತೋಟಗಳ ನಡುವೆ ಸ್ವಲ್ಪ ದೂರ ಹೋಗಬೇಕು. ನಂಜವ್ವನಿಗೆ ಎರಡನೇ ಗಂಡನಿಂದ ಹುಟ್ಟಿದ ಕೊನೆಯ ಮಗನ ಹೆಂಡತಿ ಪುಟ್ಟಮ್ಮ ಇನ್ನೂ ಗಟ್ಟಿಯಾಗಿದ್ದಾರೆ ಎಂದು ಗೆಳತಿಯೊಬ್ಬಳಿಂದ ತಿಳಿದು, ಮೊದಲೇ ಫೋನ್ ಮಾಡಿದ್ದೆ.

ಪುಟ್ಟಮ್ಮ ಬಾಗಿಲಲ್ಲೇ ನಿಂತಿದ್ದರು. ಅತ್ತೆಯ ವಯಸ್ಸೇ ಇರಬೇಕು. ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, "ನೀನು ನಮ್ಮತ್ತೆ ಮೊಮ್ಮಗ್ಳಾ? ಹಂಗಾದ್ರೆ ವರಸೇಲಿ ನಾನು ನಿಂಗೆ ಚಿಕ್ಕವ್ವ ಕಣೇ," ಎಂದರು.

"ಚಿಕ್ಕವ್ವ ಅನ್ನಕ್ಕೆ ನಿಂಗೆ ಹಲ್ಲಾದ್ರೂ ನನ್ಗಿಂತ ಜಾಸ್ತಿ ಐತಾ?" ಎಂದರು ಅತ್ತೆ. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಹುರುಳಿಕಾಳಿನ ಬಸ್ಸಾರು, ಮುದ್ದೆ ಬಡಿಸಿದರು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ: ನಂಜವ್ವ ಇಲ್ಲಿಗೆ ಬಂದಾಗ ಮೊದಲ ಗಂಡ ಇನ್ನೂ ಬದುಕಿದ್ದನಂತೆ, ನಿಜವೇ? ಅತ್ತೆ ನನ್ನ ತೊಡೆ ಚಿವುಟಿದರು.

"ಹೂಂ ಕಣವ್ವ, ಬದ್ಕಿದ್ದ," ಎಂದರು ಪುಟ್ಟಮ್ಮ, ಮುಚ್ಚುಮರೆಯಿಲ್ಲದೆ. "ಆದ್ರೆ ಅದು ಅವ್ಳಿಗೆಲ್ಲಿ ಗೊತ್ತು? ಅವ್ಳ ಬಳೆ ಒಡ್ದೋರು ಯಾರು ಅಂತ ನಿಮ್ಮನೇರ್ನ ಕೇಳ್ದ್ಯಾ?"

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಪುಟ್ಟಮ್ಮ ಹೇಳುತ್ತಾ ಹೋದರು. ರಂಗಯ್ಯನಿಂದ ಕಾಗದ ಬರುವುದು ನಿಂತು ಬಹಳ ದಿನವಾಗಿತ್ತು. ಗಾಯವಾಗಿ ಊರಿಗೆ ಬಂದ ಸಿಪಾಯಿಯೊಬ್ಬ, ನಿಮ್ಮವನು ಕುದುರೆ ಸಮೇತ ಬಿದ್ದುದನ್ನು ಕಂಡೆ ಎಂದು ಹೇಳಿದ. ಮನೆಯವರು ನಂಬಿದರು. ದೂರದಲ್ಲಿ ಸತ್ತವನ ಹೆಣ ಸಿಗದಿದ್ದರೆ ಹುಲ್ಲಿನ ಗೊಂಬೆ ಮಾಡಿ ಮಣ್ಣು ಮಾಡುವುದು ರೂಢಿ. ಹಾಗೇ ಮಾಡಿದರು. ನಂಜವ್ವನ ಬಳೆ ಒಡೆದರು, ತಾಳಿ ತೆಗೆದುಕೊಂಡರು. ಮೂರು ತಿಂಗಳಾದ ಮೇಲೆ ಅವಳ ಮಾವ, ರಂಗಯ್ಯನ ಅಪ್ಪನೇ ಮುಂದೆ ನಿಂತು ಸೀರುಡಿಕೆ ಮಾಡಿಸಿದ. ಗಂಡು ಮಗು ಮನೆಯದು ಎಂದು ಅದನ್ನು ಇಟ್ಟುಕೊಂಡ. ಇದೆಲ್ಲ ಆಗಿ ತಿಂಗಳುಗಳು ಕಳೆದ ಮೇಲೆ ಸರ್ಕಾರದ ಕಾಗದ ಬಂತು: ರಂಗಯ್ಯ ಈಗ ಸತ್ತಿದ್ದಾನೆ.

"ಆ ಸುದ್ದಿ ಇಲ್ಗೂ ಬಂತು," ಎಂದರು ಪುಟ್ಟಮ್ಮ. "ನಮ್ ಮಾವನ ಮನೇಲಿ ಕೂತ್ಕಂಡು ನಮ್ಮತ್ತೆ ಮತ್ತೆ ಬಳೆ ತೆಗುದ್ಳಂತೆ, ಅವ್ನಿಗೋಸ್ಕರ. ನಮ್ ಮಾವ ಒಂದ್ ಮಾತ್ ಅನ್ಲಿಲ್ವಂತೆ. ಮೂರ್ ದಿನ ಬುಟ್ಟು, ತಾನೇ ಸಂತೆಯಿಂದ ಬಳೆ ತಂದು ತೊಡ್ಸಿದ್ನಂತೆ. ಬದ್ಕಿರೋನ್ಗೆ ಮಣ್ ಮಾಡಿದ್ವಿ ಅಂತ ನಿಮ್ಮೋರು ಹೆಂಗ್ ಹೇಳ್ತಾರೆ? ಅವ್ಳೇ ಹೋದ್ಳು ಅಂದ್ರು."

ಆ ಕಪ್ಪು ಹೆಬ್ಬೆಟ್ಟು ಕಣ್ಣಿಗೆ ಕಟ್ಟಿತು. ಆದರೆ ನಂಜವ್ವನ ಸೊಸೆ ಕೇಳಿಸಿಕೊಂಡ ಮಾತನ್ನು ಚಿಕ್ಕಪ್ಪ ಒಪ್ಪುತ್ತಾರೆಯೇ? ನನ್ನ ಕೈಯಲ್ಲಿರುವ ಒಂದೇ ದಾಖಲೆ ಅವರ ಕಡೆಗೇ ಇತ್ತು. ಇದನ್ನೇ ಹೇಳಿದೆ.

"ಗೊಂಬೆ ಮಣ್ ಮಾಡಿದ್ ಜಾಗ್ದಲ್ಲಿ ಕಲ್ಲು ನೆಟ್ಟವ್ರೆ ಅಂತಿದ್ಳಪ್ಪ," ಎಂದರು ಪುಟ್ಟಮ್ಮ. "ನಿಮ್ ಹೊಲದಲ್ಲೇ."

ಅತ್ತೆ ನನ್ನ ಕೈ ಹಿಡಿದುಕೊಂಡರು. "ಬೇವಿನ್ ಮರದ್ ಕೆಳಗಿರೋ ರಂಗಯ್ಯ ತಾತನ್ ಕಲ್ಲು! ಅದ್ರಲ್ಲಿ ಅಕ್ಷರ ಐತೆ ಕಣೇ. ಸುಣ್ಣದ್ ಕೆಳಗೆ ಬೆರಳಿಗೆ ಸಿಕ್ಕೋದು, ಚಿಕ್ಕೋರಿದ್ದಾಗ ಸವರ್ತಿದ್ವಿ." ಆಮೇಲೆ ಅವರ ಮುಖ ಬಾಡಿತು. "ನಾಳೆ ಹಬ್ಬ. ನಿಂಗ ಬೆಳಿಗ್ಗೆನೇ ತೊಳ್ದು ಸುಣ್ಣ ಬಳ್ದುಬುಡ್ತಾನೆ. ಒಂದ್ ಸಲ ಎಡೆ ಆಯ್ತು ಅಂದ್ರೆ ಮತ್ತೆ ಮುಂದಿನ್ ವರ್ಷನೇ. ನಾನಿರ್ತೀನಾ?"

ಚಿಕ್ಕಪ್ಪನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕತ್ತಲಾಗುತ್ತಿತ್ತು, ಮಳೆಯೂ ಶುರುವಾಗಿತ್ತು. ಪುಟ್ಟಮ್ಮ ನಮ್ಮನ್ನು ಬಿಡಲಿಲ್ಲ. ಉಳಿದುಕೊಂಡೆವು. ಬೆಳಿಗ್ಗೆ ಹೊರಡುವಾಗ ಪುಟ್ಟಮ್ಮ ಅತ್ತೆಗೆ ಇನ್ನೊಂದು ಮಾತು ಹೇಳಿದರು. ಅದನ್ನು ಆಮೇಲೆ ಹೇಳುತ್ತೇನೆ.

ಹಬ್ಬದ ದಿನ ಬಸ್ಸುಗಳು ಕಡಿಮೆ. ಅಮೃತೂರಿನಲ್ಲಿ ಕಾದೆವು, ಕುಣಿಗಲ್‌ನಲ್ಲಿ ಕಾದೆವು. ತುಮಕೂರಿನ ಬಸ್ಸು ಪ್ರತಿ ಹಳ್ಳಿಯಲ್ಲೂ ನಿಂತು ಬಾಳೆ ಎಲೆ, ಹೂವು, ಕುಂಬಳಕಾಯಿ ಹಿಡಿದವರನ್ನೆಲ್ಲ ಹತ್ತಿಸಿಕೊಂಡಿತು. ಅತ್ತೆ ಬಸ್ಸು ನಿಂತಾಗಲೆಲ್ಲ ಮುಂದಿನ ಸೀಟಿನ ಕಂಬಿ ಹಿಡಿದು ಎದ್ದು ನಿಲ್ಲುತ್ತಿದ್ದರು. ತುಮಕೂರಿನಲ್ಲಿ ಬಸ್ಸು ಬದಲಿಸಿ ಗುಬ್ಬಿಯಲ್ಲಿ ಇಳಿದಾಗ ಹತ್ತು ಗಂಟೆ ದಾಟಿತ್ತು. ಆಟೋದವನು ಇನ್ನೂರೈವತ್ತು ಕೇಳಿದ. ನಾನು ಚೌಕಾಸಿ ಮಾಡದೆ ಹತ್ತಿದ್ದು ಜೀವನದಲ್ಲಿ ಅದೇ ಮೊದಲು.

ಊರಿನ ಒಳಗೆ ಹೋಗದೆ ನೇರ ಹೊಲಕ್ಕೆ ಆಟೋ ಬಿಡಿಸಿದೆ. ರಾಗಿ ಮೊಣಕಾಲುದ್ದ ಬೆಳೆದಿತ್ತು. ಬೇವಿನ ಮರದ ಕೆಳಗೆ ಚಿಕ್ಕಪ್ಪ ಕುಕ್ಕರುಗಾಲಲ್ಲಿ ಕೂತು ಸುಣ್ಣದ ಡಬ್ಬಕ್ಕೆ ನೀರು ಬೆರೆಸುತ್ತಿದ್ದರು. ಕಲ್ಲು ಒದ್ದೆಯಾಗಿತ್ತು, ಹಳೆಯ ಸುಣ್ಣದ ಪದರ ಹಾಗೇ ಇತ್ತು.

"ಬಾರಕ್ಕ," ಎಂದರು ಚಿಕ್ಕಪ್ಪ. ನನ್ನ ಕಡೆ ತಿರುಗಿ, "ಏನವ್ವ, ತಂದ್ಯಾ ದಾಖಲೆ?"

ಹಾಳೆಯನ್ನು ಕೊಟ್ಟೆ. ಬಚ್ಚಿಡುವ ಯೋಚನೆ ದಾರಿಯುದ್ದಕ್ಕೂ ಬಂದಿತ್ತು, ಆದರೆ ಅರ್ಧ ರಿಪೋರ್ಟು ಕೊಟ್ಟು ನನಗೆ ಅಭ್ಯಾಸವಿಲ್ಲ. ಚಿಕ್ಕಪ್ಪ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಗೆದ್ದೆ ಎಂಬ ಸಂತೋಷವೇನೂ ಅವರ ಮುಖದಲ್ಲಿ ಕಾಣಲಿಲ್ಲ. "ನಾನು ಹೇಳ್ಲಿಲ್ವಾ. ಬುಡಕ್ಕ ಇನ್ನ," ಎಂದು ಹಾಳೆ ಹಿಂದಿರುಗಿಸಿ, ಸುಣ್ಣದ ಕುಂಚ ಎತ್ತಿಕೊಂಡರು.

ಅತ್ತೆ ಹೋಗಿ ಕಲ್ಲಿನ ಮುಂದೆ ಕೂತುಬಿಟ್ಟರು. "ಮೊದ್ಲು ಇದ್ರಲ್ಲಿ ಏನ್ ಬರ್ದೈತೆ ಓದು. ಆಮ್ಯಾಲೆ ಬಳಿ."

"ಏನಕ್ಕ ಇದು, ಹಬ್ಬದ್ ದಿನ ಹಿರೀಕರ ಕಲ್ಲು ಕೆರೀತಾರಾ?"

"ನಾನ್ ಕೆರೀತೀನಿ. ಪಾಪ ಬಂದ್ರೆ ನಂಗೇ ಬರ್ಲಿ." ಅತ್ತೆ ತೆಂಗಿನ ನಾರಿನ ಚೂರೊಂದನ್ನು ತೆಗೆದುಕೊಂಡು ಉಜ್ಜತೊಡಗಿದರು. ನಾನೂ ಕೂತೆ. ಸುಣ್ಣ ಹಪ್ಪಳದಂತೆ ಎದ್ದು ಬಂತು. ಒಂದರ ಕೆಳಗೆ ಒಂದು, ಎಷ್ಟು ವರ್ಷದ ಪದರವೋ. ಚಿಕ್ಕಪ್ಪ ಸ್ವಲ್ಪ ಹೊತ್ತು ಬೈಯುತ್ತಾ ನಿಂತಿದ್ದವರು, ಅಕ್ಕನ ಬೆರಳಿನಲ್ಲಿ ರಕ್ತ ಕಂಡು, "ಈಚ್ಗೆ ಬಾ," ಎಂದು ನಾರು ಕಿತ್ತುಕೊಂಡು ತಾವೇ ಉಜ್ಜಿದರು. ಅಕ್ಷರಗಳು ಮೂಡಿದವು. ಓರೆಕೋರೆಯಾಗಿ, ಕಲಿತವರ ಕೈಯಲ್ಲದ ಕೆತ್ತನೆ. ಚಿಕ್ಕಪ್ಪ ಬೆರಳಿಟ್ಟು ಗಟ್ಟಿಯಾಗಿ ಓದಿದರು:

"ಸವಾರ ರಂಗಯ್ಯನ ಮಣ್ಣು. ಪಿಂಗಳ ಸಂವತ್ಸರ. ಕಾರ್ತಿಕ."

ಪಂಚಾಂಗ ನೋಡದೆ ಬಿತ್ತನೆ ಮಾಡದ ಮನುಷ್ಯ ಅವರು. ಅರವತ್ತು ಸಂವತ್ಸರಗಳೂ ಬಾಯಿಪಾಠ. "ಆ ಕಾಗ್ದ ತಾ," ಎಂದರು. ನೋಡಿದರು. ಸೀರುಡಿಕೆ ಪಿಂಗಳದ ಮಾಘ. ಸಾವು ಕಾಳಯುಕ್ತಿಯ ಭಾದ್ರಪದ. ಬೆರಳು ಮಡಚುತ್ತಾ, "ಪಿಂಗಳ, ಕಾಳಯುಕ್ತಿ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಮಣ್ಣು ಮಾಡಿದ್ದು ಕಾರ್ತಿಕದಲ್ಲಿ. ಅದಾಗಿ ಮೂರು ತಿಂಗಳಿಗೆ ಸೀರುಡಿಕೆ. ಮನುಷ್ಯ ಸತ್ತದ್ದು ಅದರ ಮುಂದಿನ ವರ್ಷ.

"ಬದ್ಕಿರೋನ್ನ ಮಣ್ ಮಾಡ್ಬುಟ್ಟವ್ರಲ್ಲಕ್ಕ," ಎಂದರು. "ಮಣ್ ಮಾಡಿದ್ ಮ್ಯಾಲೆ ತಾನೇ ಅವ್ಳು ಹೋಗಿದ್ದು. ವರ್ಷ ವರ್ಷ ನಾನೇ ಸುಣ್ಣ ಬಳೀತಿದ್ನಲ್ಲ ಇದ್ಕೆ."

ನನಗೆ ಹೇಳಬೇಕಾದ್ದು ಬಹಳ ಇತ್ತು. ಹೆಬ್ಬೆಟ್ಟು ಒತ್ತಿದವನನ್ನು ಎಡೆಯಿಂದ ತೆಗೆಯಿರಿ ಎಂದು ಬಾಯಿ ತೆರೆದೂ ಇದ್ದೆ. ಅತ್ತೆ ಕಣ್ಣಲ್ಲೇ ಗದರಿದರು. ಆಮೇಲೆ ಬೆಳಿಗ್ಗೆ ಪುಟ್ಟಮ್ಮ ಹೇಳಿದ್ದನ್ನು ತಮ್ಮನಿಗೆ ಹೇಳಿದರು.

"ಆ ಮನೇಲಿ ಹಿರಿಯರ ಹಬ್ಬಕ್ಕೆ ಒಂದೆಲೆ ಜಾಸ್ತಿ ಹಾಕ್ತಾರಂತೆ ಕಣೋ. ಅಜ್ಜಿ ಸಾಯೋ ಮುಂಚೆ ಸೊಸೆ ತಾವ ಮಾತ್ ತಗಂಡಿದ್ಳಂತೆ. ಗುಬ್ಬೀಲಿ ನಂದೊಂದು ಮಗು ಐತೆ, ಅದು ಹೋದ ಸುದ್ದಿ ಬಂದ್ರೆ ಅದ್ಕೂ ಒಂದೆಲೆ ಹಾಕು, ನನ್ ಪಕ್ಕ, ಅಂತ. ಅಪ್ಪ ತೀರ್ಕಂಡ ವರ್ಷದಿಂದ ತಪ್ಸಿಲ್ವಂತೆ."

"ಅಪ್ಪಂಗಾ?" ಎಂದರು ಚಿಕ್ಕಪ್ಪ. "ಅಲ್ಲಿ ಅಪ್ಪಂಗೆ ಎಲೆ ಹಾಕ್ತಾರಾ?"

ಎಪ್ಪತ್ತೈದು ದಾಟಿದ ಮನುಷ್ಯ ಒದ್ದೆ ಮಣ್ಣಿನಲ್ಲಿ ಕೂತು, ತಲೆಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ನಾವು ಯಾರೂ ಅವರನ್ನು ಎಬ್ಬಿಸಲು ಹೋಗಲಿಲ್ಲ.

ಮಧ್ಯಾಹ್ನ ನಡುಮನೆಯಲ್ಲಿ ಎಲೆಗಳನ್ನು ಹಾಕಿದರು. ಒಬ್ಬಟ್ಟು, ಕಜ್ಜಾಯ, ವಡೆ, ಅನ್ನ, ಸಾರು. ಪ್ರತಿ ಎಲೆಯ ಹಿಂದೆ ಗೋಡೆಗೆ ಒರಗಿಸಿ ಮಡಿಸಿದ ಬಟ್ಟೆ. ಅತ್ತೆ ಚೀಲದಿಂದ ಸೀರೆ ತೆಗೆದು, ರಂಗಯ್ಯನ ಪಂಚೆಯ ಪಕ್ಕ ಇಡಲು ಬಗ್ಗಿದರು.

"ಅಲ್ಲಿ ಬ್ಯಾಡಕ್ಕ," ಎಂದರು ಚಿಕ್ಕಪ್ಪ. ಅವರು ಆ ಕೊನೆಗೆ ಕೈ ತೋರಿಸಿದರು. "ಅಪ್ಪನ್ ಪಂಚೆ ಪಕ್ಕ ಇಡು. ಗಂಡನ್ ಪಕ್ಕ ಅಲ್ಲ, ಮಗನ್ ಪಕ್ಕ."

ಧೂಪ ಹಾಕಿ ಒಬ್ಬೊಬ್ಬರನ್ನೇ ಕರೆದರು. ಕೊನೆಯ ಹೆಸರನ್ನು ಚಿಕ್ಕಪ್ಪ ಮೊದಲ ಸಲ ತಮಗಷ್ಟೇ ಕೇಳಿಸುವಂತೆ ಕರೆದರು. ಎರಡನೇ ಸಲ ಕರೆದಾಗ ಬೀದಿಗೂ ಕೇಳಿಸಿರಬೇಕು: "ನಂಜವ್ವಾ, ಬಾರವ್ವ."

ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು ಪದ್ಧತಿ. ಐದು ನಿಮಿಷವಾದರೆ ತೆರೆಯುತ್ತಾರೆ. ಅವತ್ತು ಚಿಕ್ಕಪ್ಪ ಹೊಸ್ತಿಲಿಗೆ ಬೆನ್ನು ಕೊಟ್ಟು ಕೂತವರು ಏಳಲೇ ಇಲ್ಲ. ಎಲ್ಲರಿಗೂ ಹಸಿವು. ಕೊನೆಗೆ ಸೊಸೆ ಬಂದು, "ಮಾವ, ಬಾಗ್ಲು ತೆಗೀಲಾ? ಅನ್ನ ಆರೋಗ್ತದೆ," ಎಂದಳು.

"ಇರವ್ವ," ಎಂದರು ಚಿಕ್ಕಪ್ಪ. "ಇನ್ನೊಂದ್ ಸ್ವಲ್ಪ ಮಾತಾಡ್ಕಳ್ಳಿ."

ಎಡೆಗೆ ಇಟ್ಟ ಸೀರೆಯನ್ನು ಮನೆಯ ಹೆಣ್ಣುಮಕ್ಕಳು ಉಡುತ್ತಾರೆ. ಭಾನುವಾರ ಹೊರಡುವಾಗ ಅತ್ತೆ ಅದನ್ನೇ ಉಟ್ಟಿದ್ದರು. ಚೀಲ ಮಡಿಸಿ ನನ್ನ ಕೈಗೆ ಕೊಟ್ಟರು. ಆಟೋ ಹೊಲದ ಪಕ್ಕ ಹಾದಾಗ ಇಬ್ಬರೂ ತಿರುಗಿ ನೋಡಿದೆವು. ಬೇವಿನ ಮರದ ಕೆಳಗೆ ಕಲ್ಲು ಬೂದು ಬಣ್ಣದಲ್ಲಿ ನಿಂತಿತ್ತು. ಚಿಕ್ಕಪ್ಪ ಈ ಸಲ ಸುಣ್ಣ ಬಳಿದಿರಲಿಲ್ಲ.